ಅಣಬೆ ನೊಣಕ್ಕೆ ಹೆಸರಿಡುವುದು ಹೇಗೆ? ಖಾನಾಪುರದ ಕೊರಡಿನಿಂದ ಮ್ಯೂಸಿಯಂ ಕಪಾಟಿನವರೆಗೆ

ಜೂನ್ ಮುಗಿಯುವ ಹೊತ್ತಿಗೆ ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಹೋಗಿ. ಎಲ್ಲಾದರೂ ಬಿದ್ದಿರುವ ಒಂದು ಕೊಳೆತ ಕೊರಡನ್ನು ಮೆಲ್ಲಗೆ ಹೊರಳಿಸಿ. ಅಡಿಯಲ್ಲಿ ಬಿಳಿ ಬೂಷ್ಟು ಹಬ್ಬಿರುತ್ತದೆ. ಅದರ ನಡುವೆ ದಾರದ ತುಂಡಿನಂಥ ಹುಳು ಹರಿದಾಡುತ್ತಿದ್ದರೆ ಅದನ್ನು ಕಣ್ಣಿಗೆ ಹತ್ತಿರ ತಂದು ನೋಡಿ. ಮೈ ಗಾಜಿನ ಹಾಗೆ, ಒಳಗಿನ ಕರುಳೂ ಕಾಣುತ್ತದೆ. ತಲೆ ಮಾತ್ರ ಮಿರಿಮಿರಿ ಕಪ್ಪು. ಇದು ಅಣಬೆ ನೊಣದ ಮರಿಹುಳು ಇರಬಹುದು.

ಹೆಸರಿನಲ್ಲಿ ನೊಣ ಅಂತ ಇದ್ದರೂ ದೊಡ್ಡದಾದ ಮೇಲೆ ಇದು ಸೊಳ್ಳೆ ಥರ ಕಾಣುತ್ತದೆ. ನಮ್ಮ ಕಡೆ ಗುಂಗಾಡು ಅಂದುಬಿಡುತ್ತಾರೆ. ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ಮೈ ಉದ್ದ ಹೆಚ್ಚಾಗಿ 2ರಿಂದ 5 ಮಿಲಿಮೀಟರ್. ಹೆಚ್ಚಿನವುಗಳ ಮರಿಹುಳು ಅಣಬೆ, ಬೂಷ್ಟು, ಕೊಳೆತ ಎಲೆ ತಿಂದು ಬೆಳೆಯುತ್ತದೆ. ಕೆಲವು ಜಿಗುಟು ಬಲೆ ನೇಯ್ದು ಬೇಟೆ ಆಡುತ್ತವೆ. ನ್ಯೂಜಿಲೆಂಡಿನ ವೈಟೊಮೊ ಗುಹೆಗಳ ಚಾವಣಿಯಲ್ಲಿ ನೀಲಿಯಾಗಿ ಬೆಳಗುವ ಹುಳುಗಳಿವೆಯಲ್ಲ, ಅವೂ ಈ ಬಳಗದವೇ.

ಇಂಥ ಒಂದು ನೊಣ ಸಿಕ್ಕಿತು, ಯಾವ ಪುಸ್ತಕಕ್ಕೂ ಹೊಂದುತ್ತಿಲ್ಲ ಅಂತ ಇಟ್ಟುಕೊಳ್ಳೋಣ. ಮುಂದೇನು ಮಾಡಬೇಕು? ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರಿಗೆ, ಕೀಟಗಳ ಮೇಲೆ ಮನಸ್ಸಿರುವ ಮೇಷ್ಟ್ರುಗಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಡಿನಲ್ಲಿ ಸಿಗುವುದು ಬರೀ ನೊಣ. ಅದು ಹೊಸ ಪ್ರಭೇದ ಅಂತ ಗೊತ್ತಾಗುವುದು ಈಗಾಗಲೇ ಹೆಸರಿರುವ ಅದರ ನಂಟರ ಜೊತೆಗೆಲ್ಲ ಇಟ್ಟು ನೋಡಿದ ಮೇಲೆ. ಹಿಡಿಯುವುದು ವಾರಗಳ ಕೆಲಸವಾದರೆ ಹೋಲಿಸುವುದು ತಿಂಗಳುಗಳ ಕೆಲಸ.

ಮೊದಲು ಅನುಮತಿ

ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿಧಾಮ. ಅಲ್ಲಿ ಒಂದು ಗುಂಗಾಡು ಹಿಡಿಯಲಿಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಮೀಸಲು ಅರಣ್ಯಕ್ಕೂ ಹಾಗೆಯೇ. ಒಬ್ಬರೇ ಅರ್ಜಿ ಹಾಕುವುದಕ್ಕಿಂತ ಕಾಲೇಜು ಅಥವಾ ವಿಶ್ವವಿದ್ಯಾಲಯದ ಮೂಲಕ ಹಾಕಿದರೆ ಒಳ್ಳೆಯದು. ಯಾವ ಕೀಟ, ಎಷ್ಟು, ಯಾವ ಬಲೆ, ಎಲ್ಲಿ ಇಡುತ್ತೀರಿ ಅಂತ ಬಿಡಿಸಿ ಬರೆಯಿರಿ. ಅನುಮತಿಗೆ ತಿಂಗಳುಗಳೇ ಹಿಡಿಯಬಹುದು. ಮಳೆಗಾಲದ ಕೆಲಸಕ್ಕೆ ಚಳಿಗಾಲದಲ್ಲೇ ಅರ್ಜಿ ಹೋಗಬೇಕು. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ. ಅನುಮತಿ ಪತ್ರದ ಸಂಖ್ಯೆಯನ್ನು ಮುಂದೆ ಪ್ರಬಂಧದಲ್ಲೂ ಬರೆಯಬೇಕಾಗುತ್ತದೆ, ಜೋಪಾನವಾಗಿಡಿ.

ಎಲ್ಲಿ ಹುಡುಕಬೇಕು

ಬೆಳಗಾವಿ ಪೇಟೆಯ ಹೂಕುಂಡದಲ್ಲಿ, ಅಣಬೆ ಬೆಳೆಯುವ ಶೆಡ್ಡಿನಲ್ಲಿ ಹಾರಾಡುವ ಕರಿ ನೊಣಗಳನ್ನು ಹಿಡಿದು ಹೊಸದು ಅಂದುಕೊಳ್ಳಬೇಡಿ. ಅವು ಹೆಚ್ಚಾಗಿ ಬ್ರಾಡೀಸಿಯಾ ಕುಲದವು. ಗೊಬ್ಬರ, ಸಸಿ, ಮಣ್ಣಿನ ಜೊತೆ ದೇಶ ದೇಶ ಸುತ್ತಿದಂಥವು. ಆದರೆ ಕೈ ಪಳಗಿಸಿಕೊಳ್ಳಲು ಅವೇ ಒಳ್ಳೆಯವು. ಅಣಬೆ ಬೆಳೆಗಾರರಿಗೆ ಅವು ಕಾಟ, ನಿಮಗೆ ಬೇಕಾದಷ್ಟು ಕೊಡುತ್ತಾರೆ. ಕಾಡಿನ ಅಪರೂಪದ ನೊಣದ ಮೇಲೆ ಮೊದಲ ಸಲ ಸೂಜಿ ಇಡುವುದು ತಪ್ಪು. ಶೆಡ್ಡಿನ ನೊಣ ಒಂದು ಐವತ್ತನ್ನಾದರೂ ಬಿಚ್ಚಿ ನೋಡಿರಬೇಕು.

ಕಾಡಿನಲ್ಲಿ ಇವು ಬಿಸಿಲಿಗೆ ಬರುವುದಿಲ್ಲ. ಹಳ್ಳದ ದಂಡೆಯಲ್ಲಿ ಮುಂದಕ್ಕೆ ಚಾಚಿದ ಮಣ್ಣಿನ ಅಡಿ, ಮರದ ಬೇರಿನ ಪೊಟರೆ, ಸಣ್ಣ ಸೇತುವೆಯ ಕೆಳಗೆ, ಹೀಗೆ ಕತ್ತಲು ಮತ್ತು ತೇವ ಎರಡೂ ಇರುವ ಕಡೆ ಕೂತಿರುತ್ತವೆ. ಇದನ್ನು ನನಗೆ ಚೆನ್ನಾಗಿ ಕಲಿಸಿದ್ದು ಒಬ್ಬ ಹಿರಿಯ ಫಾರೆಸ್ಟ್ ವಾಚರ್. ಮೊದಲ ದಿನ ಅವರು ನನ್ನ ಸೀಸೆ ನೋಡಿ ಕೇಳಿದರು:

"ಅಲ್ರೀ ಸರ, ಇಷ್ಟು ಸಣ್ಣ ಗುಂಗಾಡಕ್ಕ ಹೆಸರ ಯಾಕ ಬೇಕ್ರಿ?"

"ಹೆಸರ ಇಲ್ಲಂದ್ರ ಅದರ ಬಗ್ಗೆ ಮಾತಾಡೂದು ಹೆಂಗ್ರಿ ಕಾಕಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಬರ್ರಿ, ಸಂಜಿ ಮುಂದ ಹೊಗಿ ಎದ್ದಂಗ ಏಳೂ ಜಾಗಾ ತೋರಸ್ತೀನಿ" ಅಂತ ಕರೆದುಕೊಂಡು ಹೋದರು. ದೊಡ್ಡ ಮರವೊಂದರ ಬೇರಿನ ಸಂದಿ. ನಾನು ಮೂರು ದಿನ ಅದರ ಪಕ್ಕದಲ್ಲೇ ಓಡಾಡಿದ್ದೆ. ಸ್ಥಳದವರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಬಾಗಲಕೋಟೆ, ವಿಜಯಪುರ ಒಣ ನಾಡು ಅಂತ ಬಿಟ್ಟುಬಿಡಬೇಡಿ. ಬಾದಾಮಿ ಸುತ್ತಲಿನ ಮರಳುಗಲ್ಲಿನ ಕೊರಕಲುಗಳಲ್ಲಿ, ಹಳೇ ಬಾವಿಗಳ ಪಕ್ಕದಲ್ಲಿ ಮಳೆ ಬಿದ್ದ ಕೆಲವು ವಾರ ತೇವ ನಿಲ್ಲುತ್ತದೆ. ಒಣ ನಾಡಿನ ಪ್ರಭೇದಗಳು ಇರುವುದಾದರೆ ಅಂಥ ಕಡೆಯೇ. ಸ್ಮಾರಕಗಳ ಒಳಗೆ ಮಾತ್ರ ಏನನ್ನೂ ಕೆರೆಯಬೇಡಿ, ಮುಟ್ಟಬೇಡಿ.

ಹಿಡಿಯುವ ಬಗೆ

ಮೂರು ವಿಧಾನ ಸಾಕು. ಮೊದಲನೆಯದು ಕೈಬಲೆ ಮತ್ತು ಹೀರುನಳಿಗೆ. ಪೊಟರೆಯ ಬಾಯಿಗೆ ಬಲೆ ಹಿಡಿದು ಒಳಗೆ ಕಡ್ಡಿ ಆಡಿಸಿದರೆ ನೊಣಗಳು ತಾವಾಗಿ ಬಲೆಗೆ ಬರುತ್ತವೆ. ಬಾವಲಿ ಇರುವ ಗುಹೆಗಳ ಹತ್ತಿರ ಬಾಯಿಂದ ಹೀರಬೇಡಿ. ಬಾವಲಿ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಬೂಷ್ಟು ಇರಬಹುದು. ರಬ್ಬರ್ ಬಲ್ಬ್ ಇರುವ ಹೀರುನಳಿಗೆ ಬಳಸಿ. ಭೀಮಗಡದ ಬಾರಾಪೇಡೆ ಗುಹೆಗಳು ರಾಟನ್ಸ್ ಬಾವಲಿಯ ಹೆಸರಾಂತ ನೆಲೆ. ಅಪರೂಪದ ಬಾವಲಿ ಅದು. ನೊಣದ ಆಸೆಗೆ ಅವುಗಳ ನಿದ್ದೆ ಕೆಡಿಸುವುದು ಬೇಡ.

ಎರಡನೆಯದು ಮಲೇಜ್ ಬಲೆ. ಸ್ವೀಡನ್ನಿನ ರೆನೆ ಮಲೇಜ್ 1930ರ ದಶಕದಲ್ಲಿ ಮಾಡಿದ್ದು. ತನ್ನ ಡೇರೆಯೊಳಗೆ ಸಿಕ್ಕಿಬಿದ್ದ ಕೀಟಗಳು ಮೇಲಿನ ಮೂಲೆಗೆ ಏರುವುದನ್ನು ನೋಡಿ ಹೊಳೆದದ್ದಂತೆ. ನೋಡಲು ಇದೂ ಡೇರೆಯ ಹಾಗೇ ಇದೆ. ನಡುವಿನ ಗೋಡೆಗೆ ಡಿಕ್ಕಿ ಹೊಡೆದ ಕೀಟ ಬೆಳಕಿನ ಕಡೆ ಮೇಲೇರಿ ತುದಿಯ ಸೀಸೆಯಲ್ಲಿರುವ ಆಲ್ಕೋಹಾಲಿಗೆ ಬೀಳುತ್ತದೆ. ಹಳ್ಳದ ಪಕ್ಕದ ಕಾಲುದಾರಿಗೆ ಅಡ್ಡಲಾಗಿ ಕಟ್ಟಿ, ಸೀಸೆಯ ತುದಿ ಬೆಳಕಿನ ಕಡೆ ಇರಲಿ. ನಮ್ಮ ಮಳೆಗೆ ಸೀಸೆಯೊಳಗೆ ನೀರು ನುಗ್ಗಿ ಆಲ್ಕೋಹಾಲ್ ತೆಳುವಾಗುತ್ತದೆ. ಕಣಕುಂಬಿ ಮಳೆ ಗೊತ್ತಲ್ವಾ? ವಾರಕ್ಕೊಮ್ಮೆ ಅಂತ ಪುಸ್ತಕ ಹೇಳಿದರೂ ಜುಲೈನಲ್ಲಿ ಎರಡು ಮೂರು ದಿನಕ್ಕೊಮ್ಮೆ ಹೋಗಿ ಬದಲಿಸಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ: ಸಾಕಿ ಬೆಳೆಸುವುದು. ಅಣಬೆ ಎದ್ದಿರುವ ಕೊರಡಿನ ತುಂಡನ್ನು ತಂದು ಬಕೆಟ್‌ನಲ್ಲಿಡಿ. ತಳಕ್ಕೆ ಒದ್ದೆ ಮರಳು. ಬಾಯಿಗೆ ಕಪ್ಪು ಬಟ್ಟೆ ಬಿಗಿದು, ನಡುವೆ ತೂತು ಮಾಡಿ, ಅದರ ಮೇಲೆ ಬೋರಲಾಗಿ ಒಂದು ಪಾರದರ್ಶಕ ಸೀಸೆ ಕಟ್ಟಿ. ಬಕೆಟ್ಟನ್ನು ಮನೆಯ ತಂಪು ಮೂಲೆಯಲ್ಲಿಟ್ಟು ದಿನಾ ನೀರು ಚಿಮುಕಿಸಿ. ಎರಡು ಮೂರು ವಾರ ಏನೂ ಆಗುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸೀಸೆಯ ಗೋಡೆಗೆ ಒಂದು ನೊಣ ಅಂಟಿಕೊಂಡಿರುತ್ತದೆ. ರೆಕ್ಕೆ ಇನ್ನೂ ಹಾಲುಬಿಳುಪು, ಕಾಲು ಮೆತ್ತಗೆ, ಬಣ್ಣ ಬಂದಿರುವುದಿಲ್ಲ. ಆತುರಪಟ್ಟು ಆಗಲೇ ಆಲ್ಕೋಹಾಲಿಗೆ ಹಾಕಬೇಡಿ. ಎಳೆ ನೊಣ ಮುದುಡಿಹೋಗುತ್ತದೆ, ಬಣ್ಣವನ್ನೂ ತಪ್ಪಾಗಿ ಬರೆಯುತ್ತೀರಿ. ಒಂದು ದಿನ ಬಿಟ್ಟರೆ ಮೈ ಗಟ್ಟಿಯಾಗುತ್ತದೆ. ಹೀಗೆ ಬೆಳೆಸಿದ ನೊಣಕ್ಕೆ ಬೆಲೆ ಜಾಸ್ತಿ. ಅದು ಯಾವ ಅಣಬೆ ತಿಂದಿತು, ಅದರ ಮರಿ ಹೇಗಿತ್ತು, ಕೋಶ ಹೇಗಿತ್ತು ಎಲ್ಲವನ್ನೂ ನೀವು ಹೇಳಬಲ್ಲಿರಿ. ಅಣಬೆಯ ಒಂದು ತುಂಡನ್ನೂ ಒಣಗಿಸಿ ಇಡಿ.

ಚೀಟಿ

ಇದಕ್ಕೆ ಬೇರೆ ತಲೆಬರಹವನ್ನೇ ಕೊಟ್ಟಿದ್ದೇನೆ, ಯಾಕೆಂದರೆ ನನ್ನ ಮೊದಲ ಮಳೆಗಾಲ ಹಾಳಾದದ್ದು ಇಲ್ಲಿಯೇ. ಬಾಲ್ ಪೆನ್ನಿನಿಂದ ಚೀಟಿ ಬರೆದು ಸೀಸೆಯೊಳಗೆ ಹಾಕಿದ್ದೆ. ಮನೆಗೆ ಬಂದು ನೋಡಿದರೆ ಆಲ್ಕೋಹಾಲ್ ತಿಳಿನೀಲಿ, ಚೀಟಿ ಬಿಳಿ ಹಾಳೆ. ಯಾವ ನೊಣ ಯಾವ ಹಳ್ಳದ್ದು ಅಂತ ಹೇಳುವ ದಾರಿಯೇ ಇರಲಿಲ್ಲ. ಅಷ್ಟನ್ನೂ ಕೈಬಿಡಬೇಕಾಯಿತು. ಆ ನೋವು ಇನ್ನೂ ಹೋಗಿಲ್ಲ.

ಪೆನ್ಸಿಲ್ಲಿನಿಂದ ಬರೆಯಿರಿ. ಚೀಟಿ ಸೀಸೆಯ ಹೊರಗಲ್ಲ, ಒಳಗೆ. ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಊರಿಂದ ಎಷ್ಟು ದೂರ ಯಾವ ದಿಕ್ಕು, ಮೊಬೈಲಿನ ಜಿಪಿಎಸ್ ಕೊಟ್ಟ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ತಾರೀಖು, ಹಿಡಿದ ವಿಧಾನ, ಹಿಡಿದವರ ಹೆಸರು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದು ಕೀಟಶಾಸ್ತ್ರದ ಹಳೇ ರೂಢಿ. 7 ಜೂನೋ 6 ಜುಲೈಯೋ ಅನ್ನುವ ಗೊಂದಲ ಬರುವುದಿಲ್ಲ. ಊರಿನ ಹೆಸರನ್ನು ಸರ್ವೇ ನಕ್ಷೆಯಲ್ಲಿ ಇರುವ ಹಾಗೆ ಬರೆದು, ಜನ ಕರೆಯುವ ಹೆಸರನ್ನು ಪಕ್ಕದಲ್ಲಿ ಸೇರಿಸಿ.

ರೂಪ ನೋಡುವುದಕ್ಕೆ 70ರಿಂದ 80 ಶೇಕಡಾ ಎಥನಾಲ್ ಸಾಕು. ಡಿಎನ್‌ಎ ಬೇಕಾದರೆ 95 ಶೇಕಡಾ, ಅದೂ ಫ್ರೀಜರಿನಲ್ಲಿ. ಎಥನಾಲ್ ಅಬಕಾರಿ ನಿಯಮಕ್ಕೆ ಬರುವ ವಸ್ತು, ಕಾಲೇಜಿನ ಲ್ಯಾಬ್ ಮೂಲಕವೇ ತರಿಸಿ.

ಕುಟುಂಬ ಯಾವುದು ಅಂತ ನೋಡುವುದು

ಅಣಬೆ ನೊಣ ಅನ್ನುವುದು ಒಂದು ಕುಟುಂಬದ ಹೆಸರಲ್ಲ. ನಮಗೆ ಜಾಸ್ತಿ ಸಿಗುವುದು ಮೂರು: ಸಿಯಾರಿಡೇ, ಮೈಸೆಟೊಫಿಲಿಡೇ, ಕೆರೊಪ್ಲಾಟಿಡೇ. ಸಿಯಾರಿಡೇ ಸುಲಭ. ತಲೆಯ ಮೇಲೆ, ಮೀಸೆಯ ಬುಡದ ಮೇಲ್ಗಡೆ, ಎರಡು ಕಣ್ಣುಗಳೂ ಸೇತುವೆ ಕಟ್ಟಿದ ಹಾಗೆ ಕೂಡಿಕೊಂಡಿರುತ್ತವೆ. ರೆಕ್ಕೆಯ ನಡುವೆ ಕವಣೆ ಕೋಲಿನಂತೆ ಕವಲೊಡೆದ ನರ. ಮೈಸೆಟೊಫಿಲಿಡೇ ನೊಣಗಳಿಗೆ ಗೂನು ಬೆನ್ನು, ಕಾಲಿನ ಬುಡದ ಗೆಣ್ಣು ಉದ್ದ, ಮೊಣಕಾಲಿನ ಕೆಳಗಿನ ಭಾಗದ ತುದಿಯಲ್ಲಿ ದೊಡ್ಡ ಮುಳ್ಳು. ಕಣ್ಣಿನ ಸೇತುವೆ ಇಲ್ಲ. ಕುಲದ ಮಟ್ಟಕ್ಕೆ ಇಳಿಯಲು ಗುರುತಿನ ಕೀಲಿಗಳು ಬೇಕು, ಅಂದರೆ ಒಂದೊಂದೇ ಗುಣ ಕೇಳುತ್ತಾ ಹೆಸರಿನ ಕಡೆ ಕರೆದೊಯ್ಯುವ ಪ್ರಶ್ನೆಪಟ್ಟಿಗಳು. ನಮ್ಮ ನಾಡಿಗೆ ಅಂತಲೇ ಬರೆದದ್ದು ಹಳೆಯದು. ಹೊರಗಿನ ಕೀಲಿ ಬಳಸುವಾಗ ನಮ್ಮ ನೊಣ ಅದರಲ್ಲಿ ಇಲ್ಲದಿರಬಹುದು ಅನ್ನುವುದು ನೆನಪಿರಲಿ. ಕೀಲಿ ಹೇಳಿತು ಅಂತ ಒಪ್ಪದೆ ಆ ಕುಲದ ಪೂರ್ತಿ ವಿವರಣೆ ಓದಿ ತಾಳೆ ನೋಡಿ.

ಗಂಡಿನ ಬಾಲದ ತುದಿ

ಇಡೀ ಕೆಲಸದ ಹೃದಯ ಇದು. ಬಣ್ಣ, ಗಾತ್ರ, ರೆಕ್ಕೆ ಎಲ್ಲ ಒಂದೇ ಥರ ಇರುವ ಎರಡು ನೊಣಗಳ ಗಂಡಿನ ಜನನಾಂಗ ಪೂರ್ತಿ ಬೇರೆ ಇರಬಹುದು. ಪ್ರಭೇದ ಪ್ರಭೇದಕ್ಕೂ ಅಲ್ಲಿನ ಮುಳ್ಳು, ಕೂದಲು, ಕೊಕ್ಕೆಗಳ ಜೋಡಣೆ ಬೇರೆ. ಅದಕ್ಕೇ ಬರೀ ಹೆಣ್ಣು ಸಿಕ್ಕರೆ ಹೊಸ ಪ್ರಭೇದ ಬರೆಯಲು ಹೋಗಬೇಡಿ ಅನ್ನುವುದು ನನ್ನ ಸಲಹೆ. ಗಂಡು ಸಿಗುವ ತನಕ ಕಾಯಿರಿ.

ಸ್ಟೀರಿಯೋ ಮೈಕ್ರೋಸ್ಕೋಪಿನ ಅಡಿ ಹೊಟ್ಟೆಯನ್ನು ಆರು ಮತ್ತು ಏಳನೇ ಉಂಗುರದ ನಡುವೆ ಸಣ್ಣ ಸೂಜಿಯಿಂದ ಕತ್ತರಿಸಿ. ತುದಿಯ ಭಾಗವನ್ನು 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ರಾತ್ರಿ ಇಡಿ. ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಕೆಲವೇ ನಿಮಿಷ ಸಾಕು, ಆದರೆ ಅಲ್ಲಿಂದ ಏಳಬಾರದು. ಜಾಸ್ತಿ ಹೊತ್ತಾದರೆ ಎಲ್ಲವೂ ಗಾಜಾಗಿ ಏನೂ ಕಾಣುವುದಿಲ್ಲ. ಕಣ್ಣಿಗೆ, ಕೈಗೆ ಈ ದ್ರಾವಣ ತಾಗಬಾರದು, ಸುಡುತ್ತದೆ. ಆಮೇಲೆ ನೀರಿನಲ್ಲಿ ತೊಳೆದು, ಸ್ವಲ್ಪ ಅಸೆಟಿಕ್ ಆಮ್ಲದಲ್ಲಿ ಅದ್ದಿ, ಒಂದು ಹನಿ ಗ್ಲಿಸರಿನ್‌ಗೆ ಹಾಕಿ.

ಈಗ 400 ಪಟ್ಟು ದೊಡ್ಡದು ಮಾಡಿ ನೋಡಿ. ನಿನ್ನೆ ಬರೀ ಕರಿ ಚುಕ್ಕೆಯಾಗಿದ್ದದ್ದು ಇವತ್ತು ಜೇನುಬಣ್ಣದ ಬಟ್ಟಲು. ಬಟ್ಟಲಿನ ಎರಡು ಪಕ್ಕದಿಂದ ಏಡಿಯ ಕೈಯಂತೆ ಒಂದೊಂದು ಹಿಡಿಕೆ ಹೊರಟಿರುತ್ತದೆ. ಬಟ್ಟಲಿನ ಪಕ್ಕೆಗೆ ಗೋನೊಕಾಕ್ಸೈಟ್, ಹಿಡಿಕೆಗೆ ಗೋನೊಸ್ಟೈಲಸ್ ಅಂತ ಹೆಸರು. ಹಿಡಿಕೆಯ ತುದಿಯಲ್ಲಿ ಎಷ್ಟು ಮುಳ್ಳು? ಅವು ಒತ್ತಾಗಿ ನಿಂತಿವೆಯೋ ಸಾಲಾಗಿ ಇಳಿದಿವೆಯೋ? ಒಳಮೈಗೆ ತಗ್ಗಿದೆಯೋ? ಗ್ಲಿಸರಿನ್ನಿನಲ್ಲಿ ಸೂಜಿಯಿಂದ ಮೆಲ್ಲಗೆ ಹೊರಳಿಸಿ ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ಚಿತ್ರ ಬರೆಯಿರಿ. ಸ್ಲೈಡಿಗೆ ಅಂಟಿಸಿದ ಮೇಲೆ ಹೊರಳಿಸಲು ಆಗುವುದಿಲ್ಲ. ಫೋಟೋ ಎಷ್ಟೇ ಚೆನ್ನಾಗಿರಲಿ, ಕೈಯಿಂದ ಬರೆದ ಗೆರೆಚಿತ್ರ ಬೇಕೇ ಬೇಕು. ಬರೆಯಲು ಕೂತಾಗಲೇ ಕಣ್ಣು ತಪ್ಪಿಸಿಕೊಂಡ ಮುಳ್ಳು ಕಾಣುತ್ತದೆ. ಪ್ರತಿ ಚಿತ್ರಕ್ಕೂ ಅಳತೆಗೆರೆ ಹಾಕಿ, ಸಾಮಾನ್ಯವಾಗಿ 0.1 ಮಿಲಿಮೀಟರ್.

ಚಿತ್ರ ಮುಗಿದ ಮೇಲೆ ಕೆನಡಾ ಬಾಲ್ಸಮ್ ಅಥವಾ ಯೂಪಾರಲ್ ಅನ್ನುವ ಪಾರದರ್ಶಕ ಅಂಟಿನಲ್ಲಿ ಕಾಯಂ ಸ್ಲೈಡ್ ಮಾಡಬಹುದು. ಒಂದೇ ನೊಣದ ರೆಕ್ಕೆ, ತಲೆ, ಬಾಲ ಬೇರೆ ಬೇರೆ ಕಡೆ ಹೋದರೆ ಎಲ್ಲದಕ್ಕೂ ಒಂದೇ ಸಂಖ್ಯೆ ಬರೆಯಿರಿ.

ಅಳತೆಗಳೂ ಬೇಕು. ರೆಕ್ಕೆಯ ಉದ್ದ, ನರಗಳ ಉದ್ದದ ಅನುಪಾತ, ಬಾಯಿಯ ಪಕ್ಕದ ಸ್ಪರ್ಶಾಂಗದ ಗೆಣ್ಣುಗಳ ಸಂಖ್ಯೆ. ಮೀಸೆಯ ಬುಡದ ಎರಡು ಗೆಣ್ಣು ಬಿಟ್ಟರೆ ಸಾಮಾನ್ಯವಾಗಿ 14 ಗೆಣ್ಣು. ಸಿಯಾರಿಡೇಯಲ್ಲಿ ಅವುಗಳ ಪೈಕಿ ನಾಲ್ಕನೆಯದರ ಉದ್ದ ಅಗಲದ ಅನುಪಾತವನ್ನು ಎಲ್ಲರೂ ಕೊಡುತ್ತಾರೆ. ಒಂದು ನೊಣ ಅಳೆದು ನಿಲ್ಲಿಸಬೇಡಿ. ಐದು ಹತ್ತು ಗಂಡು ಅಳೆದರೆ ಒಂದೇ ಪ್ರಭೇದದೊಳಗೆ ಎಷ್ಟು ಏರುಪೇರು ಅಂತ ತಿಳಿಯುತ್ತದೆ.

ಹೋಲಿಕೆ

ಎನ್ರಿಕೊ ಬ್ರುನೆಟ್ಟಿ 1912ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಮಾಲೆಯಲ್ಲಿ ಈ ಬಗೆಯ ನೊಣಗಳ ಸಂಪುಟ ಬರೆದರು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿಂದ ಶುರು ಮಾಡಿ. ಆಮೇಲೆ 1973ರ ಡೆಲ್ಫಿನಾಡೊ ಮತ್ತು ಹಾರ್ಡಿ ಅವರ ಪೌರ್ವಾತ್ಯ ವಲಯದ ಪಟ್ಟಿ, ಅಲ್ಲಿಂದ ಇಲ್ಲಿಯವರೆಗಿನ ಪ್ರಬಂಧಗಳು. ಕರ್ನಾಟಕದ್ದು ಮಾತ್ರ ನೋಡಿದರೆ ಸಾಲದು. ನೊಣಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್, ಥಾಯ್ಲೆಂಡ್ ಎಲ್ಲ ನೋಡಬೇಕು.

ತೊಂದರೆ ಎಲ್ಲಿ ಬರುತ್ತದೆ ಅಂದರೆ ಹಳೇ ವಿವರಣೆಗಳು ಹೆಚ್ಚಾಗಿ ಬಣ್ಣದ ಮೇಲೆ ನಿಂತಿವೆ. ಬೆನ್ನು ಕಂದು, ಕಾಲು ಹಳದಿ ಅಂತ ಓದಿ ಏನು ತಿಳಿದೀತು? ಅಂಥ ಕಡೆ ಮೊದಲು ಹೆಸರಿಟ್ಟಾಗ ಬಳಸಿದ ಮೂಲ ಮಾದರಿಯನ್ನೇ ನೋಡಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಗೆ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಪತ್ರ ಬರೆದು ಫೋಟೋ ಕೇಳಿ. ನಾರ್ವೆ, ಎಸ್ಟೋನಿಯಾ, ಜರ್ಮನಿಗಳಲ್ಲಿ ಈ ನೊಣಗಳನ್ನೇ ಜೀವಮಾನವಿಡೀ ಓದಿದವರಿದ್ದಾರೆ. ಒಳ್ಳೆಯ ಚಿತ್ರ ಇಟ್ಟು ಕೇಳಿದರೆ ಉತ್ತರ ಬರುತ್ತದೆ. "ಇದು ಹೊಸದಲ್ಲ" ಅಂತ ಬಂದರೂ ಬೇಸರ ಬೇಡ. ಆ ಪ್ರಭೇದ ಬೆಳಗಾವಿಯಲ್ಲೂ ಇದೆ ಅನ್ನುವುದೇ ಪ್ರಕಟಿಸಬೇಕಾದ ಸುದ್ದಿ.

ಡಿಎನ್‌ಎ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ನೊಣದ ಒಂದು ಕಾಲು ಸಾಕು. ಪ್ರಾಣಿಗಳ ಗುರುತಿಗೆ ಬಳಸುವ ಸಿಒಐ ಜೀನಿನ 658 ಅಕ್ಷರದ ತುಂಡನ್ನು ಓದಿಸಿ ಬೋಲ್ಡ್, ಜೀನ್‌ಬ್ಯಾಂಕ್ ಸಂಗ್ರಹಗಳ ಜೊತೆ ಹೋಲಿಸುತ್ತಾರೆ. ಹೆಣ್ಣನ್ನು, ಮರಿಹುಳುವನ್ನು ಅದರ ಗಂಡಿನ ಜೊತೆ ಜೋಡಿಸಲು ಇದು ತುಂಬ ಒಳ್ಳೆಯ ಉಪಾಯ. ಆದರೆ ಇಷ್ಟು ಶೇಕಡಾ ಬೇರೆ ಇದ್ದರೆ ಹೊಸ ಪ್ರಭೇದ ಅನ್ನುವ ಕಾನೂನು ಇಲ್ಲ. ಸಂಗ್ರಹದಲ್ಲಿ ಹೊಂದುವ ಹೆಸರು ಸಿಗಲಿಲ್ಲ ಅಂದರೆ ಆ ಪ್ರಭೇದವನ್ನು ಯಾರೂ ಓದಿಸಿಲ್ಲ ಅಂತಲೂ ಇರಬಹುದಲ್ವಾ?

ಬರೆಯುವುದು, ಹೆಸರಿಡುವುದು

ನಿಯಮ ಕಠಿಣವಲ್ಲ, ಆದರೆ ಒಂದೂ ತಪ್ಪುವ ಹಾಗಿಲ್ಲ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆಸರು ಹೊಸದು ಅಂತ ಸ್ಪಷ್ಟವಾಗಿ ಬರೆದಿರಬೇಕು. ಬೇರೆ ಪ್ರಭೇದಗಳಿಂದ ಹೇಗೆ ಬೇರೆ ಅಂತ ತೋರಿಸುವ ವಿವರಣೆ ಇರಬೇಕು. ಹೋಲೋಟೈಪ್, ಅಂದರೆ ಹೆಸರನ್ನು ಹೊರುವ ಒಂದೇ ಒಂದು ಮಾದರಿ, ಯಾವುದು ಅಂತ ಹೇಳಬೇಕು. ಅದು ಯಾವ ಸಂಗ್ರಹದಲ್ಲಿದೆ ಅಂತಲೂ ಬರೆಯಬೇಕು. ಉಳಿದ ಮಾದರಿಗಳು ಪ್ಯಾರಾಟೈಪ್.

ವಿವರಣೆಯ ಮೊದಲಲ್ಲಿ ಬರುವ ಗುರುತುಸೂಚಿಯ ಮೇಲೆ ಜಾಸ್ತಿ ಸಮಯ ಕೊಡಿ. ಎರಡು ಮೂರು ಸಾಲು ಸಾಕು. ಯಾವ ಪ್ರಭೇದಕ್ಕೆ ಹತ್ತಿರ, ಯಾವ ಒಂದೆರಡು ಗುರುತಿನಿಂದ ಬೇರೆ, ಅದರಲ್ಲಿ ಹೇಗಿದೆ, ಇದರಲ್ಲಿ ಹೇಗಿದೆ. ಪೂರ್ತಿ ವಿವರಣೆಯನ್ನು ತಲೆ, ಎದೆ, ರೆಕ್ಕೆ, ಕಾಲು, ಹೊಟ್ಟೆ, ಜನನಾಂಗ ಅಂತ ಇದೇ ಸಾಲಿನಲ್ಲಿ ಬರೆಯಿರಿ. ಇಲ್ಲಿ ಕ್ರಿಯಾಪದ ಬೇಡ, ಅಲಂಕಾರ ಬೇಡ.

ಹೆಸರಿನಲ್ಲಿ ಎರಡು ಪದ. ಕುಲದ ಹೆಸರು ಇದ್ದದ್ದೇ, ಎರಡನೆಯದು ನಿಮ್ಮದು. ಊರಿನ ಹೆಸರಿಡುವುದಾದರೆ ಕೊನೆಗೆ ಎನ್ಸಿಸ್ ಸೇರುತ್ತದೆ: ಕಣಕುಂಬಿ ಇದ್ದದ್ದು ಕಣಕುಂಬಿಯೆನ್ಸಿಸ್. ಕುಲದ ಹೆಸರು ಲ್ಯಾಟಿನ್ನಿನಲ್ಲಿ ನಪುಂಸಕಲಿಂಗವಾದರೆ ಎನ್ಸೆ. ಗಂಡಸಿನ ಗೌರವಕ್ಕೆ ಕೊನೆಗೆ ಇ, ಹೆಂಗಸಿನ ಗೌರವಕ್ಕೆ ಏ. ಗುಣ ಹೇಳುವ ಪದವೂ ಕುಲದ ಲಿಂಗಕ್ಕೆ ಬದಲಾಗುತ್ತದೆ: ನೈಜರ್, ನೈಗ್ರಾ, ನೈಗ್ರಮ್. ತಮ್ಮ ಹೆಸರನ್ನೇ ಇಡುವುದನ್ನು ಸಂಹಿತೆ ತಡೆಯುವುದಿಲ್ಲ, ಆದರೆ ಹಾಗೆ ಮಾಡುವುದು ರೂಢಿಯಲ್ಲ. ಕನ್ನಡದ ಪದವನ್ನೂ ಇಡಬಹುದು. ಅದನ್ನು ನಾಮಪದವಾಗಿ ಇಟ್ಟಿದ್ದೇನೆ ಅಂತ ಬರೆದರೆ ಲಿಂಗದ ತೊಡಕೇ ಇಲ್ಲ.

ಪ್ರಕಟವಾಗುವ ಮುಂಚೆ ಹೆಸರನ್ನು ಪತ್ರಿಕೆಗೆ, ವಾಟ್ಸಾಪ್ ಗುಂಪಿಗೆ ಹೇಳಬೇಡಿ. ವಿವರಣೆ ಇಲ್ಲದೆ ಹೊರಬಿದ್ದ ಹೆಸರಿಗೆ ಬೆಲೆ ಇಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

ಮಾದರಿ ಒಪ್ಪಿಸುವುದು, ಪ್ರಕಟಣೆ

2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಭಾರತದಲ್ಲಿ ಹೊಸ ಪ್ರಭೇದ ಕಂಡುಹಿಡಿದವರು ಅದನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಬೇಕು. ಪ್ರಾಣಿಗಳಿಗೆ ಅಂಥ ಒಂದು ಮುಖ್ಯ ಸಂಸ್ಥೆ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ. ನಮಗೆ ಹತ್ತಿರದ ಅದರ ಕೇಂದ್ರ ಪುಣೆಯ ಅಕುರ್ಡಿಯಲ್ಲಿದೆ. ಹೋಲೋಟೈಪನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವುದು ದೊಡ್ಡ ತಪ್ಪು. ಇರುವೆ, ಬೂಷ್ಟು, ಒಂದು ಬೇಸಿಗೆ ಸಾಕು ಹಾಳಾಗಲು. ಕೊರಿಯರ್ ಕೂಡ ಬೇಡ, ಕೈಯಲ್ಲೇ ಒಯ್ಯಿರಿ. ಸ್ಲೈಡನ್ನು ಡಬ್ಬಿಯಲ್ಲಿ ಮಟ್ಟಸವಾಗಿ ಮಲಗಿಸಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಳ್ಳಿ. ಪ್ಯಾರಾಟೈಪುಗಳನ್ನು ಎರಡು ಮೂರು ಕಡೆ ಹಂಚಿ. ಒಂದು ಕಡೆ ಅನಾಹುತವಾದರೆ ಇನ್ನೊಂದು ಕಡೆ ಉಳಿಯಲಿ.

ನಿಯತಕಾಲಿಕ ಆರಿಸುವಾಗ ಎಚ್ಚರ. ಹಣ ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಅನ್ನುವ ಕಡೆ ಹೋಗಬೇಡಿ. ಝೂಟ್ಯಾಕ್ಸಾ, ಓರಿಯಂಟಲ್ ಇನ್ಸೆಕ್ಟ್ಸ್, ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ ಥರದವು ಪರಿಣತರಿಂದ ಓದಿಸಿ ಪ್ರಕಟಿಸುತ್ತವೆ. ಬರೀ ಅಂತರ್ಜಾಲದಲ್ಲಿ ಬರುವ ಪ್ರಬಂಧವಾದರೆ 2012ರಿಂದ ಪ್ರಾಣಿಗಳ ಹೆಸರು ದಾಖಲಿಸುವ ಝೂಬ್ಯಾಂಕ್ ಜಾಲತಾಣದಲ್ಲಿ ನೋಂದಣಿ ಕಡ್ಡಾಯ, ಆ ಸಂಖ್ಯೆ ಪ್ರಬಂಧದೊಳಗೂ ಅಚ್ಚಾಗಿರಬೇಕು. ಇಲ್ಲದಿದ್ದರೆ ಹೆಸರು ಊರ್ಜಿತವಾಗುವುದಿಲ್ಲ. ಪರಿಣತರು ಇನ್ನಷ್ಟು ಗಂಡು ನೋಡಿ, ಈ ಚಿತ್ರ ತಿರುಗಿ ಬರೆಯಿರಿ ಅಂತ ಕೇಳಿದರೆ ಮಾಡಿ. ಮೊದಲ ಮಳೆಯಿಂದ ಅಚ್ಚಿನ ತನಕ ಒಂದೂವರೆ ಎರಡು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ.

ಪುಣೆಯಿಂದ ಮಾದರಿಯ ನೋಂದಣಿ ಸಂಖ್ಯೆ ಬಂದ ದಿನ ಹಸ್ತಪ್ರತಿಯಲ್ಲಿ ಖಾಲಿ ಬಿಟ್ಟ ಜಾಗ ತುಂಬಿ. ಅದೇ ಹೊತ್ತಿಗೆ ಕೃತಜ್ಞತೆಯ ಸಾಲನ್ನೂ ಇನ್ನೊಮ್ಮೆ ಓದಿ. ಬೇರಿನ ಸಂದಿ ತೋರಿಸಿದ ವಾಚರ್ ಕಾಕಾ ಅವರ ಹೆಸರು ಅಲ್ಲಿ ಇರಬೇಕು. ಅವರನ್ನೇ ಕೇಳಿ, ಅವರು ಬರೆಯುವ ಹಾಗೆಯೇ, ಇನಿಶಿಯಲ್ ಸಮೇತ. ಪ್ರಬಂಧ ಬಂದ ಮೇಲೆ ಚಿತ್ರದ ಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಅವರಿಗೆ ಒಂದು ಪ್ರತಿ ಕೊಟ್ಟು ಬನ್ನಿ. ಕಣಕುಂಬಿ ಮಳೆಗೆ ಬರೀ ಕಾಗದ ತಡೆಯುವುದಿಲ್ಲ.